ಮರುಸ್ಥಾಪನೋತ್ತರ ನಿಸ್ತಂತು ಅಭಾವ: ಒಂದು ತಾತ್ವಿಕ ಮೀಮಾಂಸೆ

ಪ್ರಸ್ತಾವನೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಪ್ರಾಚೀನರ ಕಟ್ಟಳೆ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಪ್ರಸ್ತುತ ಪ್ರಬಂಧ ಆ ಕಟ್ಟಳೆಯನ್ನು ಮೀರುವ ಧಾರ್ಷ್ಟ್ಯ ತೋರುವುದಿಲ್ಲ. ಇಲ್ಲಿ ಅಧಿಕಾರಿ ಎಂದರೆ, ಲ್ಯಾಪ್‌ಟಾಪು ನಿಧಾನವಾಯಿತೆಂದು ಅದನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಮತ್ತೆ ಹಾಕಿಕೊಂಡ ಮುಮುಕ್ಷು. ವಿಷಯ, ಹಾಗೆ ಹಾಕಿಕೊಂಡ ಮೇಲೆ ವೈಫೈ ಇಲ್ಲದಿರುವುದು. ಸಂಬಂಧ, ಅದೇ ಕೋಣೆಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕೂತಿರುವ ರೂಟರಿಗೂ ಅದನ್ನು ಕಾಣಲಾರದ ಲ್ಯಾಪ್‌ಟಾಪಿಗೂ ಇರಬೇಕಾಗಿದ್ದದ್ದು. ಪ್ರಯೋಜನ, ನಾಳೆ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗು.

ಈ ವಿಷಯವಾಗಿ ಕನ್ನಡದಲ್ಲಿ ಈವರೆಗೆ ಸಮಗ್ರವೂ ವ್ಯವಸ್ಥಿತವೂ ಆದ ಅಧ್ಯಯನ ನಡೆದಿಲ್ಲ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ ಇದು. (ವಿಚಾರಸಂಕಿರಣಗಳಲ್ಲಿ ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ಕೂತು ಕೂತು ಈ ಎರಡು ವಾಕ್ಯ ಲೇಖಕನಿಗೆ ಕಂಠಪಾಠವಾಗಿವೆ. ಇವಿಲ್ಲದ ಪ್ರಬಂಧಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ.) ಲ್ಯಾಪ್‌ಟಾಪು ಎಂಬ ಪಠ್ಯವನ್ನು ಅದರ ಸಾಂಸ್ಥಿಕ, ಸಾಂಕೇತಿಕ ಹಾಗೂ ಸಂಪರ್ಕಾತ್ಮಕ ನೆಲೆಗಳಲ್ಲಿ ಮುಖಾಮುಖಿಯಾಗಿಸಿ, ಇರುವಿಕೆ ಮತ್ತು ಇಲ್ಲದಿರುವಿಕೆಗಳ ನಡುವಣ ದ್ವಂದ್ವಾತ್ಮಕ ಅವಕಾಶದಲ್ಲಿ ವೈಫೈಯ ಅನನ್ಯತೆಯನ್ನು ಮರುರೂಪಿಸಿಕೊಳ್ಳುವುದು ಅಧ್ಯಯನದ ಆಶಯ. ಹಾಗೆಂದರೇನು ಎಂದು ಕೇಳಬಾರದು. ಕೇಳಿದರೆ ಗೋಷ್ಠಿಯ ಅಧ್ಯಕ್ಷರು ಸಮಯದ ಅಭಾವವಿದೆ ಎನ್ನುತ್ತಾರೆ.

ಅಧ್ಯಯನಕ್ಕೆ ಮಿತಿಗಳೂ ಉಂಟು. ಬಿಲ್ಲು ಕಟ್ಟದೆ ಕಡಿತವಾದ ಸಂಪರ್ಕ, ರಸ್ತೆ ಅಗೆಯುವಾಗ ಜೆಸಿಬಿ ಕಿತ್ತುಹಾಕಿದ ಕೇಬಲ್, ಮಗ ಬದಲಾಯಿಸಿ ಯಾರಿಗೂ ಹೇಳದ ಪಾಸ್‌ವರ್ಡ್, ಇವು ವ್ಯಾಪ್ತಿಯ ಹೊರಗೆ. ಅವುಗಳಲ್ಲಿ ಯಾರನ್ನು ಬೈಯಬೇಕೆಂಬುದಾದರೂ ಸ್ಪಷ್ಟ. ನಮ್ಮ ಪರಿಶೀಲನೆಗೆ ಒಳಪಟ್ಟಿರುವುದು ಶುದ್ಧ ಅಭಾವ. ನಿನ್ನೆ ಸಂಜೆಯವರೆಗೆ ಇದ್ದದ್ದು, ಅದೇ ಯಂತ್ರದಲ್ಲಿ, ಅದೇ ಮನೆಯಲ್ಲಿ, ಒಂದು ಮೊಳೆಯೂ ಅಲುಗದೆ ಇಲ್ಲವಾಗುವುದು. ಇನ್ನು ಮುಂದೆ ಇದನ್ನು ಮರುಸ್ಥಾಪನೋತ್ತರ ನಿಸ್ತಂತು ಅಭಾವ, ಸಂಕ್ಷೇಪವಾಗಿ ಮ.ನಿ.ಅ. ಎಂದು ಕರೆಯಲಾಗುವುದು.

ಅಧ್ಯಾಯ 1: ಅನ್ಯೋನ್ಯಾಶ್ರಯ ದೋಷ ನಿರೂಪಣೆ

ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ಎಂಬ ದೋಷವಿದೆ. ಒಂದನ್ನು ಸಾಧಿಸಲು ಎರಡನೆಯದು ಬೇಕು, ಎರಡನೆಯದನ್ನು ಸಾಧಿಸಲು ಒಂದನೆಯದು ಬೇಕು. ಈ ದೋಷವಿರುವ ವಾದವನ್ನು ನೈಯಾಯಿಕರು ಸಭೆಯಿಂದ ಹೊರಗೆ ಹಾಕುತ್ತಿದ್ದರು. ನಮ್ಮ ಕಾಲದಲ್ಲಿ ಅದನ್ನು ಪೆಟ್ಟಿಗೆಯಲ್ಲಿ ತುಂಬಿ ಜಿಎಸ್‌ಟಿ ಸೇರಿಸಿ ಮಾರುತ್ತಾರೆ.

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಅದರ ಹೋಮ್ ಆವೃತ್ತಿ ಮೊದಲ ದಿನದಿಂದಲೂ, ಪ್ರೊ ಆವೃತ್ತಿ 2022ರ ದೊಡ್ಡ ಅಪ್‌ಡೇಟಿನಿಂದೀಚೆಗೂ, ಹಾಕಿಕೊಳ್ಳುವ ಹಂತದಲ್ಲೇ ಇಂಟರ್ನೆಟ್ ಕೇಳುತ್ತವೆ. ಸಾಧಕ ದೇಶ ಯಾವುದೆಂದು ಹೇಳುತ್ತಾನೆ, ಕೀಬೋರ್ಡ್ ಯಾವುದೆಂದು ಹೇಳುತ್ತಾನೆ, ಆಮೇಲೆ ನೆಟ್‌ವರ್ಕಿಗೆ ಸೇರಿಕೊಳ್ಳಿ ಎಂಬ ಪರದೆ ಬರುತ್ತದೆ. ನೆಟ್‌ವರ್ಕುಗಳ ಪಟ್ಟಿ ಇರಬೇಕಾದಲ್ಲಿ ಖಾಲಿ ಬಿಳಿ. ಮುಂದೆ ಹೋಗುವ ಗುಂಡಿ ಮಂಕಾಗಿದೆ, ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ವೈಫೈ ಕಾಣಬೇಕಾದರೆ ಡ್ರೈವರ್ ಬೇಕು, ಅಂದರೆ ವೈಫೈ ಚಿಪ್ಪನ್ನು ವಿಂಡೋಸಿಗೆ ಪರಿಚಯಿಸುವ ಕಡತ. ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ಟಿಗೆ ಹೋಗಬೇಕಾದರೆ ವೈಫೈ ಕಾಣಬೇಕು. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಿದ್ದವರು ಈ ಪರದೆಯನ್ನು ನೋಡದೆಯೇ ವಿವರಿಸಿಬಿಟ್ಟಿದ್ದರು.

ಇದಕ್ಕೊಂದು ಕಳ್ಳದಾರಿ ಇತ್ತು. ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತಿತ್ತು. ಅಲ್ಲಿ ‘ಬೈಪಾಸ್ ಎನ್‌ಆರ್‌ಒ’ ಎಂಬ ಆದೇಶ ಕೊಟ್ಟರೆ ಯಂತ್ರ ಮರುಹುಟ್ಟು ಪಡೆದು, ನನ್ನ ಬಳಿ ಇಂಟರ್ನೆಟ್ ಇಲ್ಲ ಎಂದು ಒಪ್ಪಿಕೊಳ್ಳಲು ಅವಕಾಶ ಕೊಡುತ್ತಿತ್ತು. ಬಡವ ತನ್ನ ಬಡತನವನ್ನು ಘೋಷಿಸಲು ಗುಪ್ತ ಸಂಕೇತ ಕಲಿಯಬೇಕಾಗಿದ್ದರೂ ಪರವಾಗಿಲ್ಲ, ದಾರಿಯೊಂದಿತ್ತು. 2025ರ ಮಾರ್ಚಿನಲ್ಲಿ ಪರೀಕ್ಷಾ ಆವೃತ್ತಿಯೊಂದರಿಂದ ಆ ಆದೇಶವನ್ನು ಕಿತ್ತುಹಾಕಿದರು. ಭದ್ರತೆಗಾಗಿ, ಬಳಕೆದಾರರ ಅನುಭವಕ್ಕಾಗಿ, ಎಲ್ಲರೂ ಇಂಟರ್ನೆಟ್ ಸಂಪರ್ಕ ಮತ್ತು ಕಂಪನಿಯ ಖಾತೆಯೊಂದಿಗೇ ಈ ಹಂತ ದಾಟಲಿ ಎಂಬುದಕ್ಕಾಗಿ, ಎಂದು ಕಾರಣ ಕೊಟ್ಟರು. ಸಂಪರ್ಕವಿಲ್ಲದವನಿಗೆ ಸಂಪರ್ಕ ಸಿಗಲೆಂದು, ಸಂಪರ್ಕವಿಲ್ಲ ಎಂದು ಹೇಳುವ ಬಾಗಿಲನ್ನೇ ಮುಚ್ಚುವುದು. ಈ ಬಗೆಯ ಕರುಣೆಗೆ ಅಲಂಕಾರಶಾಸ್ತ್ರದಲ್ಲಿ ಹೆಸರಿಲ್ಲ.

ಈಚಿನ ಆವೃತ್ತಿಗಳಲ್ಲಿ ಅದೇ ಪರದೆಯ ಮೇಲೆ ಡ್ರೈವರ್ ಹಾಕುವ ಗುಂಡಿಯನ್ನೂ ಇಟ್ಟಿದ್ದಾರೆ ಎಂಬ ಪೂರ್ವಪಕ್ಷವನ್ನು ಇಲ್ಲಿ ಎತ್ತಬಹುದು. ಹೌದು, ಇಟ್ಟಿದ್ದಾರೆ. ಒತ್ತಿದರೆ, ಡ್ರೈವರ್ ಯಾವ ಫೋಲ್ಡರಿನಲ್ಲಿದೆ ತೋರಿಸು ಎನ್ನುತ್ತದೆ.

ಅಧ್ಯಾಯ 2: ಪ್ರಮಾಣ ವಿಚಾರ

ವೈಫೈ ಇಲ್ಲ ಎಂಬ ಜ್ಞಾನ ನಮಗೆ ಯಾವ ಪ್ರಮಾಣದಿಂದ ಉಂಟಾಗುತ್ತದೆ? ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರನ್ನೂ ಪ್ರಯೋಗಿಸೋಣ.

ಪ್ರತ್ಯಕ್ಷ: ಪರದೆಯ ಬಲಗಡೆ ಕೆಳಮೂಲೆಯಲ್ಲಿ ಬೀಸಣಿಗೆಯಾಕಾರದ ಚಿಹ್ನೆ ಇಲ್ಲ, ಬದಲಿಗೆ ಅಡ್ಡಗೆರೆ ಎಳೆದ ಭೂಗೋಳವಿದೆ. ಲೋಕವೇ ನಿಷಿದ್ಧ ಎಂಬ ಅರ್ಥ. ಅನುಮಾನ: ಫೋನಿಗೆ ಇದೇ ರೂಟರಿನಿಂದ ಸಿಗುತ್ತಿದೆ, ಆದ್ದರಿಂದ ರೂಟರ್ ನಿರ್ದೋಷಿ. ಉಪಮಾನ: ಪಕ್ಕದ ಮನೆಯವರ ಲ್ಯಾಪ್‌ಟಾಪೂ ಇದೇ ಮಾಡೆಲ್ಲು, ಅದು ಓಡುತ್ತಿದೆ, ಅವರು ಎಂದೂ ಫಾರ್ಮ್ಯಾಟ್ ಮಾಡಿಲ್ಲ. ಈ ಪ್ರಮಾಣದಿಂದ ಜ್ಞಾನಕ್ಕಿಂತ ಹೊಟ್ಟೆಕಿಚ್ಚು ಹೆಚ್ಚು ಉಂಟಾಗುವುದರಿಂದ ಮುಂದೆ ಹೋಗುವುದು ಲೇಸು.

ಅರ್ಥಾಪತ್ತಿ ಮಾತ್ರ ನಿಜಕ್ಕೂ ಉಪಯೋಗಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ಲ್ಯಾಪ್‌ಟಾಪಿನಲ್ಲಿ ದೇವದತ್ತನ ಸ್ಥಾನ ಬ್ಲೂಟೂತಿನದು. ಈಗಿನ ಯಂತ್ರಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಸಾಮಾನ್ಯವಾಗಿ ಒಂದೇ ಕಾರ್ಡಿನ ಮೇಲಿರುತ್ತವೆ, ಅಂಚೆಚೀಟಿಗಿಂತ ಬಹಳ ದೊಡ್ಡದಲ್ಲದ ಕಾರ್ಡು. ಆದರೆ ಅವು ಮದರ್‌ಬೋರ್ಡಿನೊಡನೆ ಮಾತಾಡುವ ದಾರಿ ಬೇರೆ. ವೈಫೈ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ, ಬ್ಲೂಟೂತ್ ಹೆಚ್ಚಾಗಿ ಯುಎಸ್‌ಬಿ ದಾರಿಯಲ್ಲಿ. ವೈಫೈ ಕಾಣಿಸದೆ ಬ್ಲೂಟೂತ್ ಬದುಕಿದ್ದರೆ ಕಾರ್ಡು ಸತ್ತಿಲ್ಲ, ಸಡಿಲವೂ ಆಗಿಲ್ಲದಿರುವ ಸಂಭವವೇ ಹೆಚ್ಚು ಎಂದು ತಿಳಿಯಬೇಕು. ಮದರ್‌ಬೋರ್ಡ್ ಬದಲಾಯಿಸಬೇಕಾಗುತ್ತದೆ ಎಂದು ಯಾರಾದರೂ ಹೇಳುವ ಮುಂಚೆ ದೇವದತ್ತ ಉಂಡನೇ ಎಂದು ನೋಡಿಕೊಳ್ಳುವುದು ಪರ್ಸಿಗೆ ಒಳ್ಳೆಯದು.

ಅನುಪಲಬ್ಧಿ: ಹುಡುಕಿದೆ, ಸಿಗಲಿಲ್ಲ, ಆದ್ದರಿಂದ ಇಲ್ಲ. ಸೆಟ್ಟಿಂಗ್ಸ್‌ನ ಎಲ್ಲ ಪುಟ ತಿರುವಿದ ಮೇಲೆ ಎಲ್ಲರೂ ಭಾಟ್ಟರೇ. ಉಳಿದ ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ, ಅಂದರೆ ಕಸ್ಟಮರ್ ಕೇರ್, ಪ್ರತ್ಯೇಕ ಅಧ್ಯಾಯವನ್ನು ಬೇಡುತ್ತದೆ.

ಅಧ್ಯಾಯ 3: ಅಭಾವದ ಚತುರ್ವಿಧ ವರ್ಗೀಕರಣ

ಅಭಾವ ನಾಲ್ಕು ಬಗೆ. ಮೊದಲನೆಯದು ಪ್ರಾಗಭಾವ. ಮಡಕೆ ಹುಟ್ಟುವ ಮುಂಚೆ ಮಡಕೆ ಇಲ್ಲದಿರುವುದು. ಇದಕ್ಕೆ ಆದಿಯಿಲ್ಲ, ಅಂತ್ಯ ಉಂಟು. ಪೆನ್‌ಡ್ರೈವಿಗೆ ಹಾಕಿಕೊಂಡ ವಿಂಡೋಸ್ ಹಳೆಯದು, ಲ್ಯಾಪ್‌ಟಾಪಿನ ವೈಫೈ ಚಿಪ್ ಹೊಸದು. ಆ ವಿಂಡೋಸ್ ಸಿದ್ಧವಾದಾಗ ಈ ಚಿಪ್ಪಿನ ಡ್ರೈವರ್ ಅದರೊಳಗೆ ಸೇರಿರಲಿಲ್ಲ. ಮ.ನಿ.ಅ. ಪ್ರಕರಣಗಳಲ್ಲಿ ತೀರ ಸಾಮಾನ್ಯವಾದ ಬಗೆ ಇದು.

ಎರಡನೆಯದು ಪ್ರಧ್ವಂಸಾಭಾವ. ಮಡಕೆ ಒಡೆದ ಮೇಲೆ ಇಲ್ಲದಿರುವುದು. ಆದಿ ಉಂಟು, ಅಂತ್ಯವಿಲ್ಲ. ಕಂಪನಿ ಡಿಸ್ಕಿನ ಒಂದು ಮೂಲೆಯಲ್ಲಿ ರಿಕವರಿ ಪಾರ್ಟಿಷನ್ ಎಂದು ಇಟ್ಟಿರುತ್ತದೆ. ಯಂತ್ರದ ಎಲ್ಲ ಡ್ರೈವರುಗಳ ಬುತ್ತಿ ಸಾಮಾನ್ಯವಾಗಿ ಅಲ್ಲೇ. ಫಾರ್ಮ್ಯಾಟ್ ಮಾಡುವಾಗ ಆ ಪಾರ್ಟಿಷನ್ ಎಷ್ಟೋ ಸಲ ಸ್ಪಷ್ಟ ಹೆಸರಿಲ್ಲದೆ ಸಾಲಿನಲ್ಲಿ ನಿಂತಿರುತ್ತದೆ. ಹೆಸರಿಲ್ಲದ್ದನ್ನು ಜನ ಅಳಿಸುತ್ತಾರೆ. ಹೆಸರು ಬರೆಯಲು ಕಂಪನಿಗೆ ಏನು ಖರ್ಚಾಗುತ್ತಿತ್ತೆಂದು ಪ್ರಬಂಧಕಾರ ಬಹಳ ಯೋಚಿಸಿದ್ದಾನೆ.

ಮೂರನೆಯದು ಅತ್ಯಂತಾಭಾವ, ತ್ರಿಕಾಲದಲ್ಲೂ ಇಲ್ಲದಿರುವುದು, ವಾಯುವಿನಲ್ಲಿ ರೂಪವಿಲ್ಲದಂತೆ. ಹಳೆಯ ಲ್ಯಾಪ್‌ಟಾಪುಗಳ ಮುಂದಿನ ಅಂಚಿನಲ್ಲಿ, ಮಡಿಲಲ್ಲಿಟ್ಟುಕೊಂಡರೆ ಅಂಗಿಗೆ ತಾಗಿ ಜಾರುವಂಥ ಪುಟ್ಟ ಸ್ವಿಚ್ಚೊಂದು ಇರುತ್ತಿತ್ತು. ಅದು ಆಫ್ ಆಗಿದ್ದರೆ ಯಾವ ತಂತ್ರಾಂಶವೂ ವೈಫೈಯನ್ನು ಎಬ್ಬಿಸಲಾರದು. ಲಿನಕ್ಸಿನಲ್ಲಿ ಆರ್‌ಎಫ್‌ಕಿಲ್ ಎಂಬ ಆದೇಶ ಇದನ್ನು ಹಾರ್ಡ್ ಬ್ಲಾಕ್ ಎಂದೂ, ತಂತ್ರಾಂಶ ಹಾಕಿದ ತಡೆಯನ್ನು ಸಾಫ್ಟ್ ಬ್ಲಾಕ್ ಎಂದೂ ಬೇರೆಬೇರೆಯಾಗಿ ಹೇಳುತ್ತದೆ. ಈ ಪ್ರಾಮಾಣಿಕತೆಗೆ ಅದನ್ನು ಮೆಚ್ಚಬೇಕು. ಆದರೆ ಸ್ವಿಚ್ಚು ಸರಿಸಿದರೆ ಅಭಾವ ಹೋಗುವುದರಿಂದ ಇದು ಅತ್ಯಂತಾಭಾವವೇ ಅಲ್ಲ ಎಂದು ನೈಯಾಯಿಕರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ.

ನಾಲ್ಕನೆಯದು ಅನ್ಯೋನ್ಯಾಭಾವ: ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಎಂಬ ಹೆಸರೇ ಇಲ್ಲ, ಇತರೆ ಸಾಧನಗಳು ಎಂಬ ಶೀರ್ಷಿಕೆಯ ಕೆಳಗೆ ‘ನೆಟ್‌ವರ್ಕ್ ಕಂಟ್ರೋಲರ್’ ಎಂದೊಂದು ಹಳದಿ ತ್ರಿಕೋನ ಹೊತ್ತು ಕೂತಿದೆ. ಅದೇ ಇದು ಎಂದು ಯಾರೂ ಹೇಳುವುದಿಲ್ಲ. ಇನ್ನು ಮೊದಲ ಮೂರು ಅಭಾವಗಳನ್ನು ಒಟ್ಟಾಗಿ ಸಂಸರ್ಗಾಭಾವ ಎನ್ನುತ್ತಾರೆ, ಅದರಲ್ಲಿ ಸಾಮಯಿಕಾಭಾವವೆಂಬ ಮತ್ತೊಂದನ್ನು ಸೇರಿಸಬೇಕೇ ಬೇಡವೇ ಎಂಬ ಚರ್ಚೆ ಇದೆ, ಅಪ್‌ಡೇಟ್ ಆದಾಗ ಹೋಗಿ ಇನ್ನೊಂದು ಅಪ್‌ಡೇಟಿಗೆ ಬರುವ ವೈಫೈಯನ್ನು ಅದರಲ್ಲಿ ಕೂರಿಸಬಹುದು, ಅದಕ್ಕೆ ಐದು ಉಪಭೇದ ಮಾಡಬಹುದು. ಮಾಡುವುದಿಲ್ಲ. ಸಾಕು. ವೈಫೈ ಇಲ್ಲ ಅಂದರೆ ಇಲ್ಲ. ನಾಲ್ಕು ಹೆಸರಿಟ್ಟ ಮಾತ್ರಕ್ಕೆ ಒಂದು ಬೈಟೂ ಬರಲಿಲ್ಲ.

ಅಧ್ಯಾಯ 4: ಶಬ್ದಪ್ರಮಾಣದ ಪತನ

ಆಪ್ತ ಎಂದರೆ ಇದ್ದದ್ದನ್ನು ಇದ್ದಂತೆ ಹೇಳುವವನು. ಲ್ಯಾಪ್‌ಟಾಪು ಮಾರಿದ ಕಂಪನಿಯ ಸಹಾಯವಾಣಿ ಆಪ್ತವೇ ಎಂಬುದು ಪ್ರಶ್ನೆ. (ಕಂಪನಿಯ ಹೆಸರು ಬೇಡ.) ಮೊದಲು ಒಂದು ಸಂಗೀತ. ನಡುನಡುವೆ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂಬ ಆಶ್ವಾಸನೆ. ಆಮೇಲೆ ಯಂತ್ರವನ್ನು ಬೋರಲು ಹಾಕಿ, ಇರುವೆಯ ಕಾಲಿನಷ್ಟು ಸಣ್ಣಕ್ಷರದ ಸೀರಿಯಲ್ ನಂಬರ್ ಓದುವ ಪರೀಕ್ಷೆ. ಪಾಸಾದವನ ಮುಂದಿನ ಸಂವಾದ ಹೀಗೆ:

“ಸರ್, ನಿಮ್ಮ ತೊಂದರೆ ನನಗೆ ಪೂರ್ತಿ ಅರ್ಥ ಆಯ್ತು. ಒಂದ್ಸಲ ರೀಸ್ಟಾರ್ಟ್ ಮಾಡ್ತೀರಾ?”

“ಮಾಡಿದೀನಿ.”

“ಮತ್ತೊಂದ್ಸಲ ಮಾಡಿ ಸರ್. ನಾನು ಲೈನಲ್ಲೇ ಇರ್ತೀನಿ.”

ಮಾಡಿದ್ದಾಯಿತು.

“ಸರ್, ಹಾಗಾದ್ರೆ ನಮ್ಮ ವೆಬ್‌ಸೈಟಿಗೆ ಹೋಗಿ, ಡ್ರೈವರ್ ಡೌನ್‌ಲೋಡ್ ಮಾಡ್ಕೊಳಿ.”

“ಇಂಟರ್ನೆಟ್ ಬರ್ತಿಲ್ಲ ಅಂತಾನೇ ಫೋನ್ ಮಾಡಿರೋದು.”

“ಅರ್ಥ ಆಯ್ತು ಸರ್. ಲಿಂಕನ್ನ ನಿಮ್ಮ ಈಮೇಲಿಗೆ ಕಳಿಸ್ತೀನಿ.”

ಈ ಹುಡುಗನ ಮೇಲೆ ಸಿಟ್ಟಿಲ್ಲ. ಎದುರಿಗೆ ಬರೆದಿಟ್ಟದ್ದನ್ನು ಓದುವುದೇ ಅವನ ಸಂಬಳ. ಸಿಟ್ಟು ಅದನ್ನು ಬರೆದವರ ಮೇಲೆ. ಆ ಬರಹದಲ್ಲಿ ಮುಂದೆ ಬರುವ ಶಾಂತಿಕರ್ಮಗಳನ್ನು ನೋಡಬೇಕು: ವಿನ್‌ಸಾಕ್ ರೀಸೆಟ್, ಡಿಎನ್‌ಎಸ್ ಫ್ಲಷ್, ಎಸ್‌ಎಫ್‌ಸಿ ಸ್ಕ್ಯಾನ್. ಮೊದಲನೆಯದು ನೆಟ್‌ವರ್ಕ್ ಬಳಸುವ ತಂತ್ರಾಂಶಗಳ ನೋಂದಣಿಯನ್ನು ಮೊದಲಿನಂತೆ ಮಾಡುತ್ತದೆ. ಎರಡನೆಯದು ಹಿಂದೆ ಹೋಗಿಬಂದ ಜಾಲತಾಣಗಳ ವಿಳಾಸಗಳನ್ನು ನೆನಪಿನಿಂದ ಅಳಿಸುತ್ತದೆ. ಮೂರನೆಯದು ವಿಂಡೋಸಿನ ಸ್ವಂತ ಕಡತಗಳು ಕೆಟ್ಟಿವೆಯೇ ಎಂದು ನೋಡುತ್ತದೆ. ನಿನ್ನೆಯಷ್ಟೇ ಹಾಕಿದ ವಿಂಡೋಸಿನಲ್ಲಿ ಕೆಡಲು ಏನಿದೆ? ಎಲ್ಲಿಗೂ ಹೋಗಿಯೇ ಇಲ್ಲದ ಯಂತ್ರಕ್ಕೆ ಮರೆಯಲು ಯಾವ ವಿಳಾಸವಿದೆ? ಇಲ್ಲದ ಡ್ರೈವರನ್ನು ಈ ಮೂರರಲ್ಲಿ ಯಾವುದೂ ಹುಟ್ಟಿಸುವುದಿಲ್ಲ. ಇವನ್ನು ಮಾಡಿಸುವುದು ಕಾಯಿಲೆ ವಾಸಿಯಾಗಲೆಂದಲ್ಲ, ರೋಗಿ ತಾನಾಗಿ ಎದ್ದುಹೋಗಲೆಂದು.

ವಿಂಡೋಸಿನೊಳಗೇ ಇರುವ ಟ್ರಬಲ್‌ಶೂಟರ್ ಎಂಬ ವಿದ್ವಾಂಸನ ವಿಚಾರ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅವನು ಬಹಳ ಹೊತ್ತು ಚುಕ್ಕಿಗಳನ್ನು ಓಡಿಸಿ, ನಿಮ್ಮ ಯಂತ್ರದಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಡ್ರೈವರ್ ಇಲ್ಲದಿರಬಹುದು ಎನ್ನುತ್ತಾನೆ. ಪಿಎಚ್‌ಡಿ ಕೊಡಬಹುದು.

ಸಿದ್ಧಾಂತ

ಇಷ್ಟರಲ್ಲಿ ಓದುಗರ ಪೈಕಿ ನಿಜವಾಗಿ ವೈಫೈ ಹೋದವರು ಯಾರಾದರೂ ಇದ್ದರೆ ಪತ್ರಿಕೆಯನ್ನು ಎಸೆದಿರುತ್ತಾರೆ. ಎಸೆಯದವರಿಗೆ ಹೇಳುತ್ತೇನೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಿನಲ್ಲಿ ಮೊದಲೇ ಇರುತ್ತದೆ. ಚಾರ್ಜಿಗೆ ಮಾತ್ರ ಬರುವ ಅಗ್ಗದ ಕೇಬಲ್ ಆಗುವುದಿಲ್ಲ, ಡೇಟಾ ಹೋಗುವ ಕೇಬಲ್ ಬೇಕು. ಫೋನು ಮನೆಯ ವೈಫೈಗೆ ಸೇರಿದ್ದರೆ ಅದೇ ರೂಟರಿನ ಇಂಟರ್ನೆಟ್ಟೇ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಬರುತ್ತದೆ. ವಿಂಡೋಸ್ ಅಪ್‌ಡೇಟ್ ತೆರೆದು ಬಿಟ್ಟರೆ ಸಾಮಾನ್ಯವಾಗಿ ವೈಫೈ ಡ್ರೈವರನ್ನು ಅದೇ ಹುಡುಕಿಕೊಳ್ಳುತ್ತದೆ. ಅಷ್ಟೇ. ಮೀಮಾಂಸೆ ಇಲ್ಲಿಗೆ ಮುಗಿಯಬಹುದಾಗಿತ್ತು.

ಹಾಗೆಯೂ ಸಿಗದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಹಳದಿ ತ್ರಿಕೋನದ ನೆಟ್‌ವರ್ಕ್ ಕಂಟ್ರೋಲರಿನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಬೇಕು. ಅಲ್ಲಿ ‘ವೆನ್’ ಎಂಬುದರ ಮುಂದೆ ನಾಲ್ಕಕ್ಷರದ ಸಂಕೇತವಿರುತ್ತದೆ. 8086 ಎಂದಿದ್ದರೆ ಇಂಟೆಲ್. ತಾನು 1978ರಲ್ಲಿ ಹೊರತಂದ ಪ್ರೊಸೆಸರಿನ ಹೆಸರನ್ನೇ ಆ ಕಂಪನಿ ಗೋತ್ರಸೂಚಕ ಮಾಡಿಕೊಂಡಿದೆ. 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್, 14ಸಿ3 ಎಂದರೆ ಮೀಡಿಯಾಟೆಕ್. ಅದರ ಮುಂದಿನ ಸಂಖ್ಯೆ ಚಿಪ್ಪಿನ ಮಾಡೆಲ್ಲನ್ನು ಹೇಳುತ್ತದೆ.

ಇಲ್ಲಿ ಪ್ರಬಂಧದ ಸಂಯಮ ಸ್ವಲ್ಪ ಸಡಿಲವಾಗುವುದನ್ನು ಪರೀಕ್ಷಕರು ಮನ್ನಿಸಬೇಕು. ಯಂತ್ರಕ್ಕೆ ಗೊತ್ತಿದೆ! ತನ್ನೊಳಗೆ ಇರುವ ಚಿಪ್ಪು ಯಾರದು, ಯಾವ ಮಾಡೆಲ್ಲು ಎಂಬುದೆಲ್ಲ ಅದಕ್ಕೆ ಗೊತ್ತಿದೆ. ಗೊತ್ತಿದ್ದೂ ಮುಖಪುಟದಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಅನಾಮಿಕ ಹಲಗೆ ಹಾಕಿ, ‘ಕೋಡ್ 28’ ಎಂದು ಗೊಣಗಿ, ನಿಜವಾದ ಹೆಸರನ್ನು ಒಳಕೋಣೆಯ ಒಳಕೋಣೆಯಲ್ಲಿ ಬಚ್ಚಿಡುತ್ತದೆ. ಇದು ಮೀಡಿಯಾಟೆಕ್ ಚಿಪ್ಪು, ಇಂಥ ಕಡತ ಪೆನ್‌ಡ್ರೈವಿನಲ್ಲಿ ತಂದುಕೊಡಿ ಎಂದು ಆ ಖಾಲಿ ಬಿಳಿ ಪರದೆಯ ಮೇಲೆ ಒಂದು ಸಾಲು ಬರೆಯಲು ಏನು ಕಷ್ಟ? ಕನ್ನಡದಲ್ಲಿ ಬೇಡ, ಇಂಗ್ಲಿಷಿನಲ್ಲೇ ಬರೆಯಲಿ.

ಡ್ರೈವರನ್ನು ಯಂತ್ರದೊಳಗೇ ಇಡಲು ಜಾಗವಿಲ್ಲ ಎನ್ನುವಂತಿಲ್ಲ. ವಿಂಡೋಸ್ 8ರ ಕಾಲದಿಂದ ಡಬ್ಲ್ಯುಪಿಬಿಟಿ ಎಂಬ ಏರ್ಪಾಡು ಇದೆ. ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲಿ ಕಂಪನಿ ಒಂದು ಪ್ರೋಗ್ರಾಮನ್ನು ಇಟ್ಟಿದ್ದರೆ, ವಿಂಡೋಸ್ ಆರಂಭವಾಗುವಾಗ ಅದನ್ನು ಎತ್ತಿಕೊಂಡು ಓಡಿಸುತ್ತದೆ. ಡಿಸ್ಕನ್ನು ಎಷ್ಟು ಸಲ ಅಳಿಸಿ ಹಾಕಿದರೂ ಅದು ಮತ್ತೆ ಹುಟ್ಟುತ್ತದೆ. 2015ರಲ್ಲಿ ಲೆನೊವೊ ಕಂಪನಿ ಈ ದಾರಿ ಹಿಡಿದು ತನ್ನದೊಂದು ತಂತ್ರಾಂಶವನ್ನು ಹೊಸದಾಗಿ ಹಾಕಿದ ವಿಂಡೋಸಿಗೂ ನುಸುಳಿಸುತ್ತಿದ್ದದ್ದು ಬಯಲಾಗಿ, ಅದರಲ್ಲಿ ಭದ್ರತಾ ಲೋಪವೂ ಕಂಡು, ಕೊನೆಗೆ ಅದನ್ನು ತೆಗೆಯುವ ಉಪಾಯವನ್ನು ಕಂಪನಿಯೇ ಕೊಡಬೇಕಾಯಿತು. ಅಂದರೆ ತೊಳೆದು ಒರೆಸಿದ ಯಂತ್ರದೊಳಕ್ಕೆ ಕಂಪನಿಗೆ ಬೇಕಾದದ್ದು ಬರಲು ಸುರಂಗವಿದೆ. ಮಾಲೀಕನಿಗೆ ಬೇಕಾದ ವೈಫೈ ಡ್ರೈವರಿಗೆ, ಕೆಲವೇ ಹತ್ತು ಎಂಬಿ ತೂಗುವ ಗಂಟಿಗೆ, ಜಾಗವಿಲ್ಲ.

ಮುಕ್ತಿಮಾರ್ಗಗಳ ವಿಮರ್ಶೆ

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಕೊಂಡರೆ ಈ ಬಂಧನವಿಲ್ಲ ಎಂದು ಮುಕ್ತ ತಂತ್ರಾಂಶವಾದಿಗಳು ಹೇಳುತ್ತಾರೆ. ಅವರ ಮೇಲೆ ಗೌರವವಿಟ್ಟುಕೊಂಡೇ ಈ ಪ್ರಕರಣವನ್ನು ನೋಡಬೇಕು. 2000ದ ದಶಕದಲ್ಲಿ ಬ್ರಾಡ್‌ಕಾಮ್ ಚಿಪ್ಪಿನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದವರಿಗೆ ಮುಖ್ಯವಾಗಿ ಎರಡು ದಾರಿ ಇದ್ದವು. ಒಂದು, ಎನ್‌ಡಿಐಎಸ್‌ರ‍್ಯಾಪರ್ ಎಂಬ ವೇಷದ ಪೆಟ್ಟಿಗೆಯಲ್ಲಿ ವಿಂಡೋಸಿನ ಡ್ರೈವರನ್ನೇ ಕೂರಿಸಿ, ನೀನು ವಿಂಡೋಸಿನಲ್ಲೇ ಇದ್ದೀಯೆ ಎಂದು ಅದನ್ನು ನಂಬಿಸುವುದು. ಎರಡು, ಹೊರಗಿನವರು ಚಿಪ್ಪಿನ ನಡತೆಯನ್ನು ಕದ್ದು ನೋಡಿ, ಕಂಪನಿಯ ಸಹಾಯವಿಲ್ಲದೆ ಬರೆದ ಬಿ43 ಡ್ರೈವರ್. ಇದಕ್ಕೆ ಬೇಕಾದ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಓಡುವ ತಂತ್ರಾಂಶ, ಹಂಚಲು ಅನುಮತಿ ಇರಲಿಲ್ಲ. ಆದ್ದರಿಂದ ಫರ್ಮ್‌ವೇರ್ ಕಟರ್ ಎಂಬ ಕತ್ತರಿಯಿಂದ ಕಂಪನಿಯದೇ ಡ್ರೈವರ್ ಕಡತದ ಹೊಟ್ಟೆ ಕೊಯ್ದು, ಪ್ರತಿಯೊಬ್ಬ ಬಳಕೆದಾರನೂ ತನ್ನ ಮನೆಯಲ್ಲಿ ತಾನೇ ತೆಗೆದುಕೊಳ್ಳಬೇಕಿತ್ತು. ಆ ಕಡತವನ್ನು ತರಲು ಇಂಟರ್ನೆಟ್ ಬೇಕಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. ಬ್ರಾಡ್‌ಕಾಮ್ ತಾನಾಗಿ ಮುಕ್ತ ಡ್ರೈವರ್ ಬಿಡುಗಡೆ ಮಾಡಿದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಆಗಿನ ಹೊಸ ಚಿಪ್ಪುಗಳಿಗೆ.

ಇನ್ನೊಂದು ಕಡೆ ಲಿನಕ್ಸಿನದೇ ಒಂದು ಬಗೆಯಾದ ಡೆಬಿಯನ್. ಪೂರ್ತಿ ಮುಕ್ತವಲ್ಲದ ಒಂದು ಕಡತವನ್ನೂ ತನ್ನ ಅಧಿಕೃತ ಇನ್‌ಸ್ಟಾಲರಿಗೆ ಸೇರಿಸೆನೆಂಬ ವ್ರತ ಅದರದಾಗಿತ್ತು. ಪರಿಣಾಮವಾಗಿ, ಲೋಕದ ಅತಿ ಸ್ವತಂತ್ರ ವ್ಯವಸ್ಥೆಗಳಲ್ಲೊಂದನ್ನು ಹಾಕಿಕೊಂಡವನು ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಸ್ವಾತಂತ್ರ್ಯವನ್ನು ಏಕಾಂಗಿಯಾಗಿ ಅನುಭವಿಸಬೇಕಿತ್ತು. ಫರ್ಮ್‌ವೇರ್ ಕಡತಗಳಿರುವ ಪೆನ್‌ಡ್ರೈವ್ ಇದ್ದರೆ ಹಾಕಿ ಎಂದು ಅದು ಕೇಳುತ್ತಿತ್ತು, ಕಡತದ ಹೆಸರನ್ನಾದರೂ ಹೇಳಿ ಕೇಳುತ್ತಿತ್ತು. 2022ರಲ್ಲಿ ಡೆಬಿಯನ್ ಬಳಗ ಮತ ಹಾಕಿ ವ್ರತ ಸಡಿಲಿಸಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತದೆ. ಮಡಿ ಬಿಟ್ಟರೆಂದು ಕೆಲವರು ನೊಂದುಕೊಂಡರು. ಪ್ರಬಂಧಕಾರನಿಗೆ ಆ ನೋವು ಅರ್ಥವಾಗುತ್ತದೆ, ಏಕೆಂದರೆ ಮಡಿ ಕೆಡಿಸಿದ್ದು ಡೆಬಿಯನ್ ಅಲ್ಲ. ಚಿಪ್ಪನ್ನು ಮಾರಿ ಅದರ ನಾಲಿಗೆಯನ್ನು ತಮ್ಮ ಬಳಿ ಇಟ್ಟುಕೊಂಡ ಕಂಪನಿಗಳು.

ಆಕಾಶದ ವಿಷಯದಲ್ಲಿ ಸರ್ಕಾರಗಳೇ ಇವರಿಗಿಂತ ಉದಾರ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಲೈಸೆನ್ಸಿಲ್ಲದೆ ಸಂವಹನಕ್ಕೆ ಬಳಸಲು ಅಮೆರಿಕ 1985ರಲ್ಲಿ ದಾರಿ ತೆರೆಯಿತು. ಆ ನೆಲದ ಮೇಲೆ 1997ರಲ್ಲಿ ವೈಫೈಯ 802.11 ಮಾನದಂಡ ಎದ್ದಿತು. ಭಾರತ 2005ರ ಜನವರಿಯಲ್ಲಿ ಆ ಪಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು, 2018ರಲ್ಲಿ 5 ಗಿಗಾಹರ್ಟ್ಸಿನಲ್ಲೂ ವಿಶಾಲವಾಗಿ ಬಿಟ್ಟುಕೊಟ್ಟಿತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸು ಮಾಡಿಸುತ್ತಿದ್ದ ದೇಶ ಇದು. ಅಂಥ ದೇಶದ ಸರ್ಕಾರ ಕೂಡ, ಈ ಗಾಳಿ ನಿಮ್ಮದು, ಕೇಳಬೇಕಾಗಿಲ್ಲ, ಬಳಸಿಕೊಳ್ಳಿ ಎಂದಿತು. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ತರಂಗ ಕಳಿಸಿ ಗಂಟೆ ಬಾರಿಸಿ ತೋರಿಸಿದಾಗ, ಪೇಟೆಂಟಿನ ಕಡೆ ಅವರಿಗೆ ಒಲವಿರಲಿಲ್ಲ. ಗೋಡೆ ದಾಟುವುದು ಅಷ್ಟು ಹಿಂದೆಯೇ ಸಾಧ್ಯವಾಗಿತ್ತು. ಈಗ ಗೋಡೆಯೂ ಇಲ್ಲ. ಗಾಳಿ ಮುಕ್ತ, ತರಂಗ ಮುಕ್ತ, ಮಾನದಂಡ ಬಹಿರಂಗ, ಚಿಪ್ಪಿಗೆ ದುಡ್ಡು ಕೊಟ್ಟಾಗಿದೆ. ನಡುವೆ ನಿಂತಿರುವುದು ಒಂದು ಕಡತ.

ಮತ್ತು ಆ ಕಡತಕ್ಕೆ ಹೋಗುವ ಹಳೆಯ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು. ಮೊದಲು ಲ್ಯಾಪ್‌ಟಾಪಿನ ಪೆಟ್ಟಿಗೆಯಲ್ಲಿ ಡ್ರೈವರುಗಳ ಸಿಡಿ ಇರುತ್ತಿತ್ತು. ಸಿಡಿ ಹೋಯಿತು, ಸಿಡಿ ಹಾಕುವ ಬಾಯಿಯೂ ಹೋಯಿತು. ತಂತಿಯಿಂದ ಇಂಟರ್ನೆಟ್ ಪಡೆಯುವ ಲ್ಯಾನ್ ಪೋರ್ಟ್ ಇತ್ತು. ತೆಳ್ಳಗೆ ಕಾಣಬೇಕೆಂದು ಎಷ್ಟೋ ಮಾಡೆಲ್ಲುಗಳಲ್ಲಿ ಅದನ್ನೂ ತೆಗೆದರು. ಎಲ್ಲ ಕಿತ್ತ ಮೇಲೆ, ಇಂಟರ್ನೆಟ್ ಇಲ್ಲದೆ ಒಳಗೆ ಬರಬೇಡ ಎಂದರು.

ಬೆಂಗಳೂರಿನಲ್ಲಿ ಇರುವವನಿಗೆ ಇದು ಅರ್ಧ ದಿನದ ಪೀಡೆ, ಅಷ್ಟೆ. ಹೊಸದುರ್ಗದಲ್ಲೋ ಸಿಂಧನೂರಿನಲ್ಲೋ ಡಿಗ್ರಿ ಓದುವ ಹುಡುಗಿಯನ್ನು ನೆನೆಸಿಕೊಳ್ಳಿ. ಅಣ್ಣನಿಂದ ಬಂದ ಹಳೆಯ ಲ್ಯಾಪ್‌ಟಾಪು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ಪರದೆ ಹೆದರಿಸಿತು. ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಯಾರೋ ಏನೋ ಹಾಕಿಕೊಟ್ಟರು, ವೈಫೈ ಹೋಯಿತು. ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ ಹತ್ತಿರವಿದೆ. ಅಂಗಡಿಯವನು ಬೋರ್ಡು ಹೋಗಿದೆ ಎಂದರೆ ಅವಳು ನಂಬುತ್ತಾಳೆ, ನಂಬದಿರಲು ಯಾವ ಪ್ರಮಾಣವನ್ನೂ ಯಾರೂ ಅವಳ ಕೈಗೆ ಕೊಟ್ಟಿಲ್ಲ. ಅವಳಪ್ಪ ಒಂದು ದಿನದ ಕೂಲಿಯನ್ನೋ ಎರಡು ದಿನದ್ದನ್ನೋ ತಂದುಕೊಡುತ್ತಾನೆ, ಬಿಟ್ಟಿ ಸಿಗುವ ಒಂದು ಕಡತಕ್ಕಾಗಿ. ಇದಕ್ಕೆ ಅನ್ಯೋನ್ಯಾಶ್ರಯ ಎಂದು ಹೆಸರಿಟ್ಟು ನಗುವುದು ಸುಲಭ.

ಎಲ್ಲ ಅಂಗಡಿಯವರೂ ಹಾಗಲ್ಲ. ಈ ಶಾಸ್ತ್ರದ ನಿಜವಾದ ಗುರುಕುಲ ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡು. ಕುರ್ಚಿ ಹಾಕಲೂ ಜಾಗವಿಲ್ಲದ ಅಂಗಡಿಯಲ್ಲಿ, ಕೊರಳಿಗೆ ಪೆನ್‌ಡ್ರೈವುಗಳ ಗೊಂಚಲು ಹಾಕಿಕೊಂಡ ಹುಡುಗ ಲ್ಯಾಪ್‌ಟಾಪನ್ನು ನಿಂತಲ್ಲೇ ತೆರೆದು, ಕ್ಷಣ ನೋಡಿ ಹೇಳುತ್ತಾನೆ: “ಕಾರ್ಡ್ ಚೆನ್ನಾಗಿದೆ ಸಾರ್. ಡ್ರೈವರ್ ಇಲ್ಲ ಅಷ್ಟೇ. ಐಡಿ ನೋಡಿದ್ರೆ ಗೊತ್ತಾಗತ್ತೆ.” ಪೆನ್‌ಡ್ರೈವಿನಲ್ಲಿ ಅವನೇ ಕೂಡಿಟ್ಟ ಡ್ರೈವರುಗಳ ಭಂಡಾರ. ಕಂಪನಿಯವರೇ ಇದನ್ನು ಯಾಕೆ ಕೊಡಲ್ಲಪ್ಪ ಎಂದು ಕೇಳಿದರೆ, “ಕೊಟ್ರೆ ನಾವೇನ್ ಮಾಡೋಣ ಸಾರ್?” ಎಂದು ನಗುತ್ತಾನೆ. ಆರು ಪ್ರಮಾಣ, ನಾಲ್ಕು ಅಭಾವ ಯಾವುದೂ ಅವನಿಗೆ ಬೇಕಾಗಲಿಲ್ಲ. ವಿಶ್ವವಿದ್ಯಾಲಯಗಳು ಈತನನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಸುವುದಿಲ್ಲ. ಕರೆಸಿದರೂ ಬರಲಾರ, ಅಂಗಡಿ ಯಾರು ನೋಡಿಕೊಳ್ಳಬೇಕು.

ಮುಂದಿನ ಸಂಶೋಧನೆಗೆ ಇರುವ ಅವಕಾಶಗಳು

ನಿಯಮದ ಪ್ರಕಾರ ಈ ಭಾಗವನ್ನೂ ಬರೆಯಬೇಕು. ಮರುಸ್ಥಾಪನೆಯ ನಂತರ ಟಚ್‌ಪ್ಯಾಡ್ ಸಾಯುವುದು, ಸ್ಪೀಕರ್ ಮೂಕವಾಗುವುದು, ಇವುಗಳ ಮೇಲೆ ಒಂದೊಂದು ಎಂಫಿಲ್ ಆಗುವಷ್ಟು ಸರಕಿದೆ. ಪ್ರಿಂಟರನ್ನು ಮಾತ್ರ ಈ ಲೇಖಕ ಮುಟ್ಟುವುದಿಲ್ಲ. ಎಂಐಟಿಯ ಪ್ರಯೋಗಾಲಯದಲ್ಲಿದ್ದ ಪ್ರಿಂಟರೊಂದರ ತಂತ್ರಾಂಶದ ಮೂಲವನ್ನು ತೋರಿಸಲು ಒಪ್ಪದಿದ್ದಾಗಲೇ ರಿಚರ್ಡ್ ಸ್ಟಾಲ್‌ಮನ್ ಅವರ ಸಿಟ್ಟು ನೆತ್ತಿಗೇರಿದ್ದು. 1983ರಲ್ಲಿ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದ ಅವರು ಆ ಸಿಟ್ಟಿನ ಮೇಲೆ ಒಂದು ಆಂದೋಲನವನ್ನೇ ಕಟ್ಟಿ ನಿಲ್ಲಿಸಿದರು. ಅಷ್ಟು ಮಾಡಿದ ಮೇಲೂ ಪ್ರಿಂಟರು ಸರಿಹೋಗಿಲ್ಲ. ಆ ಅಧ್ಯಾಯವನ್ನು ಫೆಲೋಶಿಪ್ ಇರುವವರು ಯಾರಾದರೂ ಬರೆಯಲಿ.